ನಡುಚುಕ್ಕೆ

ಕ್ಲಬ್ಬಿನ ಮೊದಲ ಲೆಕ್ಕದ ಪುಸ್ತಕದಲ್ಲಿ
ಮೊದಲ ಸಾಲು ಆಟದ್ದಲ್ಲ:
‘ಸುಣ್ಣ, ಅರ್ಧ ಮೂಟೆ. ಬಾಕಿ.’
ಬರೆದವನು ಬಣ್ಣಗಾರ ಹಂದ್ರಿ,
ಇಪ್ಪತ್ತೆರಡನೇ ಇಸವಿ, ಏಪ್ರಿಲ್ ತಿಂಗಳು.

ಅಂಗಿಗಳನ್ನು ಅವನ ಹೆಂಡತಿಯೇ ಅದ್ದಿದಳಂತೆ
ಹಬ್ಬದ ಲಂಗಗಳಿಗೆಂದು ಕಲಸಿಟ್ಟ
ನೀಲಿಯ ಕೊಪ್ಪರಿಗೆಯಲ್ಲಿ.
ಹನ್ನೊಂದು ಅಂಗಿ, ಹನ್ನೊಂದು ಬಗೆಯ ನೀಲಿ.
ಮಳೆ ಬಂತು.
ಆಟ ಮುಗಿಯುವ ಹೊತ್ತಿಗೆ
ಎದುರಾಳಿಗಳ ಅಂಗೈಯೂ ನೀಲಿ
ರೆಫರಿಯ ಸೀಟಿಯೂ ನೀಲಿ.
ಸೋತದ್ದು ಏಳು–ಒಂದು.
ಆ ಒಂದನ್ನು ಕೆಂಪು ಶಾಯಿಯಲ್ಲಿ ಬರೆದಿದ್ದಾನೆ,
ಏಳನ್ನು ಪೆನ್ಸಿಲಿನಲ್ಲಿ.

ಮೊದಲ ಹೆಸರು ನಮ್ಮ ಸೊರ್ಬ್ ಮಾತಿನದು:
ಬಾಚೋನ್, ಅಂದರೆ ಕೊಕ್ಕರೆ.
ಮೂವತ್ತೇಳರಲ್ಲಿ ಬೂಟುಗಾಲಿನವರು ಬಂದು
ಬೋರ್ಡಿನಿಂದ ಹಕ್ಕಿಯನ್ನೂ ಮಾತನ್ನೂ
ಒಂದೇ ಚಾಕುವಿನಲ್ಲಿ ಕೆರೆದರು.
ಹಂದ್ರಿಯ ಕೈಬರಹ ಆ ಪುಟಕ್ಕೆ ನಿಲ್ಲುತ್ತದೆ.
ಮುಂದಿನ ಪುಟಗಳಲ್ಲಿ ಬೇರೆ ಯಾರದೋ ದುಂಡಕ್ಷರ,
ಆಟಗಾರರು ಒಂಬತ್ತು, ಆಮೇಲೆ ಆರು,
ಆಮೇಲೆ ಬರೀ ತಾರೀಖು.

ಯುದ್ಧ ಮುಗಿದ ಮೇಲೆ ಗಣಿ ನಮ್ಮನ್ನು ಸಾಕಿತು.
ಕಾಗದದ ಮೇಲೆ ಎಲ್ಲರೂ ಎಲೆಕ್ಟ್ರಿಷಿಯನ್ನರು.
ಸೆಂಟರ್ ಫಾರ್ವರ್ಡ್ ಬೆನೊ
ಒಂದು ಬಲ್ಬು ತಿರುಗಿಸಿದ್ದನ್ನು ಕಂಡವರಿಲ್ಲ.
ಮಧ್ಯಾಹ್ನ ಎರಡಕ್ಕೆ ಬಿಡುವು, ತಿಂಗಳಿಗೆ ಸಂಬಳ,
ಗೆದ್ದ ವಾರ ಮನೆಗೊಂದು ಗಾಡಿ ಕಲ್ಲಿದ್ದಲು.
ಗಣಿಯ ಉಪ್ಪು ತಿಂದೆವು, ಸುಳ್ಳೇಕೆ.
ಅದು ದಿನಕ್ಕೊಂದು ಮೊಳ
ನಮ್ಮ ಕಡೆಗೇ ನಡೆದು ಬರುತ್ತಿತ್ತು.

ಅರವತ್ತೆಂಟರ ಕಪ್ಪಿನ ಪಂದ್ಯಕ್ಕೆ
ನಾಲ್ಕು ಸಾವಿರ ಜನ. ಬೇಲಿ ಮುರಿಯಿತು.
ಬೆನೊ ತಲೆಯಲ್ಲಿ ಹೊಡೆದ ಗೋಲಿಗೆ ಎದ್ದ ಕೂಗು
ಮಣ್ಣು ಅಗೆಯುವ ಯಂತ್ರದ ಗುರುಗುರುವನ್ನು
ಅರೆ ನಿಮಿಷ ಮುಚ್ಚಿತ್ತಂತೆ.
ಅರೆ ನಿಮಿಷ. ಅಪ್ಪ ಇದನ್ನು ಹೇಳುವಾಗ
ಪ್ರತಿ ಸಲ ಗಡಿಯಾರ ನೋಡುತ್ತಿದ್ದ.

ಎಂಬತ್ತಮೂರರಲ್ಲಿ ಊರನ್ನು ಎತ್ತಿದರು.
ಮೊದಲು ಗೋರಿಗಳು, ಆಮೇಲೆ ದನ, ಆಮೇಲೆ ನಾವು.
ಊರು ಹೋಗು ಅನ್ನುತ್ತೆ, ಕಾಡು ಬಾ ಅನ್ನುತ್ತೆ
ಅನ್ನುವ ವಯಸ್ಸಿನವರೂ ಇದ್ದರು;
ಊರಿಗೆ ಮೊದಲೇ ಕಾಡು ಹೋಗಿತ್ತು.
ಗೋಲ್‌ಕೀಪರ್ ಮೆರ್ಚಿನ್, ನನ್ನಪ್ಪ,
ಮೈದಾನದ ನಡುಚುಕ್ಕೆಯನ್ನು ಹುಲ್ಲುಸಮೇತ ಕತ್ತರಿಸಿ
ರೊಟ್ಟಿ ಬುಟ್ಟಿಯಲ್ಲಿ ಹೊತ್ತು
ಪಟ್ಟಣದ ನಾಲ್ಕನೇ ಮಹಡಿಗೆ ತಂದ.
ಬಾಲ್ಕನಿಯಲ್ಲಿ ಬೆಕ್ಕು ಅದನ್ನು
ತನ್ನ ಕೆಲಸಕ್ಕೆ ಬಳಸಿಕೊಂಡಿತು.
ಜೂನ್ ಹೊತ್ತಿಗೆ ಒಣಗಿತ್ತು.

ಗೋಡೆ ಬಿತ್ತು, ಗಣಿ ಮುಚ್ಚಿತು, ಸಂಬಳ ನಿಂತಿತು.
ಬೆನೊ ಎಲೆಕ್ಟ್ರಿಷಿಯನ್ ಸರ್ಟಿಫಿಕೇಟು ಹಿಡಿದು
ಉದ್ಯೋಗ ಕಚೇರಿಗೆ ಹೋದ. ಪಾಪ, ಆ ಹುಡುಗಿ
ತನ್ನ ಟೇಬಲ್ಲಿನ ದೀಪ ತೋರಿಸಿದಳು.
ಇಡೀ ಮಹಡಿ ಕತ್ತಲಾಯಿತು.

ಈಗ ಜಿಲ್ಲಾ ಲೀಗು. ಪಟ್ಟಣದಂಚಿನ ಬಾಡಿಗೆ ಮೈದಾನ.
ನದಿಯಾಚೆಯ ಪೋಲೆಂಡಿನಿಂದ ಬರುವ ಇಬ್ಬರಿಗೆ
ಪೆಟ್ರೋಲ್ ದುಡ್ಡು, ಮೇಲೊಂದಿಷ್ಟು.
ಮಿಕ್ಕವರಿಗೆ ಸೂಪು.
ಖಜಾಂಚಿ ನಾನು. ಕೊಕ್ಕರೆಯನ್ನು
ಬೋರ್ಡಿಗೆ ಮತ್ತೆ ತರಲು ಮೂರು ಸಭೆ ಬೇಕಾಯಿತು;
ಬಣ್ಣದವನು ಕಾಲು ಗಿಡ್ಡ ಬರೆದಿದ್ದಾನೆ.
ಬಾತುಕೋಳಿ ಅನ್ನುತ್ತಾರೆ ಎದುರಾಳಿಗಳು.

ಗಣಿಯ ಗುಂಡಿಗೆ ನೀರು ಬಿಟ್ಟು ಕೆರೆ ಮಾಡಿದ್ದಾರೆ.
ಏಪ್ರಿಲ್‌ನಲ್ಲಿ ಒಂದು ದಿನ
ಹಳೆಯ ನಕ್ಷೆ ಮಡಿಲಲ್ಲಿಟ್ಟುಕೊಂಡು
ನಾನೂ ಬೆನೊನೂ ದೋಣಿಯಲ್ಲಿ ಹೋಗುತ್ತೇವೆ.
ಹುಟ್ಟು ನನ್ನದು, ಹುಕುಂ ಅವನದು.
ಎಂಬತ್ತು ಸಮೀಪಿಸಿದೆ, ಕಿವಿ ಮಂದ,
ಮೈದಾನ ಮಾತ್ರ ಇನ್ನೂ ಕಾಲಲ್ಲಿದೆ.
ನಾನು ಹುಟ್ಟು ನಿಲ್ಲಿಸಿದೆ: ‘ಇಲ್ಲೇ ಅಲ್ಲವಾ ನಡುಚುಕ್ಕೆ?’
ಅವನು ನೀರನ್ನೊಮ್ಮೆ, ದಡದ ಗಾಳಿಯಂತ್ರವನ್ನೊಮ್ಮೆ ನೋಡಿ
‘ಇನ್ನೂ ಎಡಕ್ಕೆ,’ ಎಂದ, ‘ಇಲ್ಲಿ ನೀನು ಆಫ್‌ಸೈಡು.’

ಎಡಕ್ಕೆ ತಿರುಗಿಸಿದೆ.
ಮೂರಕ್ಕೆ ಪಂದ್ಯ.
ಗೆರೆಗೆ ಸುಣ್ಣ ಇನ್ನೂ ಯಾರೂ ಹಾಕಿಲ್ಲ.